ಮಿಥ್ಯಾ ಯಂತ್ರದ ನಾಡಿ ಹಿಡಿಯುವವರು

ಹತ್ತನೆಯ ತರಗತಿಗೆ ಬೆಳಕಿನ ಪಾಠ ಮಾಡುವಾಗ ಪ್ರತಿವರ್ಷವೂ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಸಮತಲ ದರ್ಪಣದಲ್ಲಿ ಕಾಣುವುದು ಮಿಥ್ಯಾ ಪ್ರತಿಬಿಂಬ, ಅದನ್ನು ಪರದೆಯ ಮೇಲೆ ಹಿಡಿಯಲಾಗದು ಎಂದು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಏಳುತ್ತಾರೆ. "ಸಾರ್, ಮಿಥ್ಯೆ ಅಂದಮೇಲೆ ಅದು ಇಲ್ಲ ಅಂತ ತಾನೆ? ಇಲ್ಲದ್ದನ್ನ ನೋಡ್ಕೊಂಡು ತಲೆ ಬಾಚ್ಕೊಳ್ಳೋದು ಹೇಗೆ?" ಕನ್ನಡಿಯ ಹಿಂದೆ ಬಿಂಬವಿಲ್ಲ ನಿಜ, ಆದರೆ ನಮ್ಮ ಕಣ್ಣಿಗೆ ಬಂದು ಮುಟ್ಟುವ ಬೆಳಕು ನಿಜ, ಬೈತಲೆ ನೇರವಾಗುವುದೂ ನಿಜ ಎಂದು ನಾನು ಉತ್ತರಿಸುತ್ತೇನೆ. ಮಿಥ್ಯೆಯಿಂದಲೂ ನಿಜವಾದ ಕೆಲಸ ಆಗುತ್ತದೆ.

ಈ ಮಾತು ಈಗ ಗಣಕಯಂತ್ರಗಳಿಗೂ ಅನ್ವಯಿಸುತ್ತದೆ. ಇಂಗ್ಲಿಷಿನವರು 'ವರ್ಚುವಲ್ ಮೆಷಿನ್' ಎನ್ನುವುದನ್ನು ನಾನು ಪಾಠದ ಮಾತಿನಲ್ಲೇ ಮಿಥ್ಯಾ ಯಂತ್ರ ಎಂದು ಕರೆಯುತ್ತೇನೆ. ನಾವು ನಿತ್ಯ ಬಳಸುವ ಜಾಲತಾಣಗಳಲ್ಲಿ ಬಹಳಷ್ಟು ಇಂಥ ಯಂತ್ರಗಳ ಮೇಲೆಯೇ ನಡೆಯುತ್ತವೆ. ಅವನ್ನು ಕೈಯಿಂದ ಮುಟ್ಟಲಾಗದು, ಎತ್ತಿ ಬೇರೆ ಮೇಜಿನ ಮೇಲೆ ಇಡಲಾಗದು. ಹಾಗಾದರೆ ಮುಟ್ಟಲಾಗದ ಯಂತ್ರಕ್ಕೆ ಕಾಯಿಲೆಯಾದರೆ ತಿಳಿಯುವುದು ಹೇಗೆ? ಅದರ ನಾಡಿ ಹಿಡಿಯುವವರು ಯಾರು?

ಹಳೇ ಮೈಸೂರು ಕಡೆಯ ವಠಾರಗಳನ್ನು ಕಂಡವರಿಗೆ ಮಿಥ್ಯಾ ಯಂತ್ರ ಸುಲಭವಾಗಿ ಅರ್ಥವಾಗುತ್ತದೆ. ಒಂದೇ ದೊಡ್ಡ ಕಟ್ಟಡ, ಒಳಗೆ ಎಂಟು ಹತ್ತು ಸಂಸಾರ. ಪ್ರತಿ ಸಂಸಾರಕ್ಕೂ ತನ್ನದೇ ಬಾಗಿಲು, ತನ್ನದೇ ಬೀಗ, ತನ್ನದೇ ಅಡುಗೆಮನೆ. ನೀರಿನ ನಲ್ಲಿ ಮಾತ್ರ ಅಂಗಳದಲ್ಲಿ ಒಂದೇ. ಯಾರಿಗೆ ಎಷ್ಟು ಹೊತ್ತಿಗೆ ನೀರು ಎಂಬುದನ್ನು ವಠಾರದ ಯಜಮಾನ ಗೊತ್ತುಮಾಡುತ್ತಾನೆ. ಹಾಗೆಯೇ ಒಂದು ಶಕ್ತಿಶಾಲಿಯಾದ ನಿಜವಾದ ಗಣಕದೊಳಗೆ ಹತ್ತಿಪ್ಪತ್ತು ಮಿಥ್ಯಾ ಯಂತ್ರಗಳು ವಾಸಿಸುತ್ತವೆ. ಪ್ರತಿಯೊಂದಕ್ಕೂ ತನ್ನದೇ ಕಾರ್ಯಾಚರಣ ವ್ಯವಸ್ಥೆ, ತನ್ನದೇ ಸ್ಮೃತಿ, ತನ್ನದೇ ಡಿಸ್ಕು ಇರುವಂತೆ ತೋರುತ್ತದೆ. ತಾನೊಂದು ಇಡೀ ಗಣಕ ಎಂದೇ ಅದು ತಿಳಿದಿರುತ್ತದೆ. ಎಲ್ಲವನ್ನೂ ಹಂಚಿಕೊಡುವ ಯಜಮಾನ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ನಿಜವಾದ ಗಣಕವನ್ನು ಆತಿಥೇಯ ಎಂದೂ ಒಳಗಿನವನ್ನು ಅತಿಥಿಗಳು ಎಂದೂ ಕರೆಯುವುದು ವಾಡಿಕೆ.

ಇದೇನೂ ನಿನ್ನೆ ಮೊನ್ನೆಯ ಕಲ್ಪನೆಯಲ್ಲ. ಐಬಿಎಂ ಸಂಸ್ಥೆ 1960ರ ದಶಕದಲ್ಲೇ ಇದನ್ನು ಪ್ರಯೋಗಿಸಿ, 1972ರಲ್ಲಿ ತನ್ನ ದೊಡ್ಡ ಗಣಕಗಳಿಗಾಗಿ 'ವಿಎಂ/370' ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಆಗ ಗಣಕವೆಂದರೆ ಕೋಣೆ ತುಂಬುವ, ಕೋಟಿ ಬಾಳುವ ವಸ್ತು, ಹಂಚಿಕೊಳ್ಳದೆ ವಿಧಿಯಿರಲಿಲ್ಲ. 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ವಿಎಂವೇರ್ ಕಂಪನಿ ಮರುವರ್ಷವೇ ಈ ವಿದ್ಯೆಯನ್ನು ಸಾಮಾನ್ಯ ಮೇಜಿನ ಗಣಕಕ್ಕೂ ಇಳಿಸಿತು. 2007ರಲ್ಲಿ ಲಿನಕ್ಸ್‌ನ ತಿರುಳಿಗೇ 'ಕೆವಿಎಂ' ಎಂಬ ಭಾಗ ಸೇರಿದ ಮೇಲಂತೂ ನನ್ನಂಥ ಮೇಷ್ಟರೂ ಕಾಸು ಖರ್ಚಿಲ್ಲದೆ ಮನೆಯ ಗಣಕದಲ್ಲಿ ವಠಾರ ಕಟ್ಟುವಂತಾಯಿತು.

ನನಗೆ ಇದರ ಹುಚ್ಚು ಹಿಡಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು. ಅವಳ ತಂದೆಗೆ ನಮ್ಮೂರಿನ ಬಸ್‌ಸ್ಟ್ಯಾಂಡಿನ ಎದುರು ಹೊಲಿಗೆ ಅಂಗಡಿ. ಮಗಳು ಬಿ.ಸಿ.ಎ. ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದಾಗ ಬೀದಿಗೆಲ್ಲ ಮೈಸೂರುಪಾಕು ಹಂಚಿದವರು, ಆರು ತಿಂಗಳ ಮೇಲೆ ನನ್ನಲ್ಲಿಗೆ ಬಂದು ಮೆಲ್ಲಗೆ ಕೇಳಿದರು: "ಮೇಷ್ಟ್ರೇ, ಇವಳು ರಾತ್ರಿಯೆಲ್ಲ ಕೂತು ಬರೀ ನೋಡ್ತಾಳಂತೆ. ಗೋಡೆ ಮೇಲಿನ ಪರದೆ ನೋಡೋದೇ ಕೆಲಸವಂತೆ. ನೆಂಟರು ಕೇಳಿದರೆ ಏನಂತ ಹೇಳೋದು? ವಾಚ್‌ಮನ್ ಕೆಲಸಕ್ಕಾ ನಾನು ಸಾಲ ಮಾಡಿ ಓದಿಸಿದ್ದು?" ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು. ನನ್ನ ಬಳಿ ಕೊಡಲು ಸರಿಯಾದ ಉತ್ತರವೂ ಇರಲಿಲ್ಲ. ಹಾಗಾಗಿ ಅವಳು ದಸರಾ ರಜೆಗೆ ಊರಿಗೆ ಬಂದಾಗ, "ನಿನ್ನ ಕೆಲಸ ನನಗೊಮ್ಮೆ ಕಲಿಸಿಕೊಡಮ್ಮ" ಎಂದೆ. ಮೂರು ಮಧ್ಯಾಹ್ನ ನಮ್ಮ ಮನೆಯ ಹಜಾರದಲ್ಲಿ ಕೂತು ಅವಳು ಮೇಷ್ಟ್ರಾದಳು, ನಾನು ವಿದ್ಯಾರ್ಥಿಯಾದೆ.

ಮೊದಲ ಪಾಠ, ಕೂಗಿ ಕರೆಯುವುದು. ಒಂದು ಯಂತ್ರ ಇನ್ನೊಂದಕ್ಕೆ "ಇದ್ದೀಯಾ?" ಎಂದು ಪುಟ್ಟ ಸಂದೇಶ ಕಳಿಸುತ್ತದೆ, "ಇದ್ದೇನೆ" ಎಂದು ಉತ್ತರ ಬಂದರೆ ಹೋಗಿಬಂದ ಕಾಲವನ್ನು ಅಳೆಯುತ್ತದೆ. ಇದಕ್ಕೆ ಪಿಂಗ್ ಎಂದು ಹೆಸರು. 1983ರಲ್ಲಿ ಮೈಕ್ ಮ್ಯೂಸ್ ಎಂಬ ಅಮೆರಿಕನ್ ಇದನ್ನು ಬರೆದು, ಜಲಾಂತರ್ಗಾಮಿಗಳ ಸೋನಾರ್ ಶಬ್ದವನ್ನು ನೆನೆದು ಆ ಹೆಸರಿಟ್ಟರು. ಒಂಬತ್ತನೆಯ ತರಗತಿಯಲ್ಲಿ ಪ್ರತಿಧ್ವನಿಯಿಂದ ಸಮುದ್ರದ ಆಳ ಕಂಡುಹಿಡಿಯುವ ಲೆಕ್ಕ ಮಾಡಿದವರಿಗೆ ಈ ತತ್ವ ಗೊತ್ತೇ ಇದೆ.

ಆದರೆ ಬಾಗಿಲು ತಟ್ಟಿದಾಗ "ಓ" ಎಂದವರೆಲ್ಲ ಆರೋಗ್ಯವಾಗಿರುತ್ತಾರೆ ಎಂದೇನೂ ಇಲ್ಲ. ಆದ್ದರಿಂದ ಒಳಗಿನ ಸ್ಥಿತಿಯನ್ನೂ ಕೇಳಬೇಕು: ಸಂಸ್ಕಾರಕದ ಮೇಲೆ ಎಷ್ಟು ಹೊರೆ, ಸ್ಮೃತಿ ಎಷ್ಟು ಉಳಿದಿದೆ, ಡಿಸ್ಕು ಎಷ್ಟು ತುಂಬಿದೆ, ಜಾಲತಾಣದ ಪುಟ ತೆರೆಯಲು ಎಷ್ಟು ಸೆಕೆಂಡು. ಇದನ್ನೆಲ್ಲ ಬೇಸರವಿಲ್ಲದೆ ಕೇಳುತ್ತ, ಬರೆದಿಡುತ್ತ ಹೋಗುವ ತಂತ್ರಾಂಶಗಳಿವೆ. ಲಾಟ್ವಿಯಾ ದೇಶದ ಅಲೆಕ್ಸೀ ವ್ಲಾದಿಶೆವ್ ಆರಂಭಿಸಿದ ಜ್ಯಾಬಿಕ್ಸ್ ಅಂಥದ್ದೊಂದು. 1999ರಲ್ಲಿ ಎಥನ್ ಗಾಲ್‌ಸ್ಟಾಡ್ ಎಂಬಾತ ಹೊರತಂದ 'ನೆಟ್‌ಸೇಂಟ್' ಇನ್ನೊಂದು. ಹೆಸರಿನ ಹಕ್ಕಿನ ತಕರಾರು ಬಂದು 2002ರಲ್ಲಿ ಅದು 'ನಾಗಿಯೋಸ್' ಆಯಿತು. ಸಂತನ ಪಟ್ಟಕ್ಕಾಗಿ ಇನ್ನು ಹಟ ಹಿಡಿಯುವುದಿಲ್ಲ ಎಂಬ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳಿಂದ ಆ ಹೆಸರನ್ನು ಕಟ್ಟಿದರಂತೆ!

ನಾಗಿಯೋಸ್‌ನಲ್ಲಿ ಪ್ರತಿ ಪರೀಕ್ಷೆಗೂ ನಾಲ್ಕೇ ಉತ್ತರ. ಸರಿಯಿದೆ ಎಂದರೆ 0, ಎಚ್ಚರಿಕೆ ಎಂದರೆ 1, ಗಂಭೀರ ಎಂದರೆ 2, ತಿಳಿಯದು ಎಂದರೆ 3. ಈ ನಾಲ್ಕನೆಯದು ನನಗೆ ಬಹಳ ಹಿಡಿಸಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬೇರೆಯಾಗಿ ಗುರುತಿಸುವ ಪ್ರಾಮಾಣಿಕತೆ ಅದರಲ್ಲಿದೆ. ಇನ್ನೊಂದು ಜಾಣತನವೂ ಉಂಟು. ಒಮ್ಮೆ ಕೆಂಪು ಕಂಡ ತಕ್ಷಣ ಅದು ಯಾರನ್ನೂ ಎಬ್ಬಿಸುವುದಿಲ್ಲ. ನಾವು ಹೇಳಿದಷ್ಟು ಬಾರಿ, ಮೂರೋ ನಾಲ್ಕೋ, ಮತ್ತೆ ಮತ್ತೆ ಪರೀಕ್ಷಿಸಿ, ಆಗಲೂ ಕೆಂಪೇ ಎಂದಾದರೆ ಮಾತ್ರ ಗಂಟೆ ಬಾರಿಸುತ್ತದೆ. ಮಗುವಿಗೆ ಒಂದು ಸಲ ಸೀನು ಬಂದರೆ ಯಾರೂ ಆಸ್ಪತ್ರೆಗೆ ಓಡುವುದಿಲ್ಲ, ಅಲ್ಲವೆ?

ಎರಡನೆಯ ದಿನ ನಾವೊಂದು ಪ್ರಯೋಗ ಮಾಡಿದೆವು. ನನ್ನ ಗಣಕಕ್ಕೆ ಇರುವುದು ನಾಲ್ಕು ಕೋರ್. ಅದರಲ್ಲಿ ಕೆವಿಎಂ ಬಳಸಿ ಎರಡು ಮಿಥ್ಯಾ ಯಂತ್ರ ಕಟ್ಟಿ, ಎರಡಕ್ಕೂ ನಾಲ್ಕು ನಾಲ್ಕು ಕೋರ್ ಕೊಟ್ಟಿದ್ದೇನೆ ಎಂದು ನಂಬಿಸಿದೆ. ಮೊದಲ ಯಂತ್ರಕ್ಕೆ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ದೊಡ್ಡ ಲೆಕ್ಕ ಕೊಟ್ಟೆವು. ನಾಲ್ಕು ನಿಮಿಷದಲ್ಲಿ ಮುಗಿಸಿತು. ಆಮೇಲೆ ಅದೇ ಲೆಕ್ಕವನ್ನು ಎರಡಕ್ಕೂ ಒಟ್ಟಿಗೆ ಕೊಟ್ಟಾಗ ಸುಮಾರು ಎಂಟು ನಿಮಿಷ ಹಿಡಿಯಿತು. ಲೆಕ್ಕ ಬದಲಾಗಿಲ್ಲ, ಯಂತ್ರದೊಳಗೆ ಏನೂ ಕೆಟ್ಟಿಲ್ಲ. ಹಾಗಾದರೆ ಉಳಿದ ನಾಲ್ಕು ನಿಮಿಷ ಎಲ್ಲಿ ಹೋಯಿತು?

"ಇಲ್ಲಿ ನೋಡಿ ಸಾರ್" ಎಂದು ಅವಳು ಪರದೆಯ ಮೂಲೆಯ ಒಂದು ಅಂಕಿ ತೋರಿಸಿದಳು. ಲಿನಕ್ಸ್‌ನಲ್ಲಿ ಅದಕ್ಕೆ ಸ್ಟೀಲ್ ಎನ್ನುತ್ತಾರೆ. ಕದ್ದ ಕಾಲ ಎಂದಿಟ್ಟುಕೊಳ್ಳಿ. ಅತಿಥಿ ಯಂತ್ರ ಕೆಲಸಕ್ಕೆ ಸಿದ್ಧವಾಗಿ ನಿಂತಿದೆ, ಆದರೆ ನಿಜವಾದ ಸಂಸ್ಕಾರಕ ಬೇರೆಯವರ ಕೈಯಲ್ಲಿದೆ; ಹೀಗೆ ಕಾದು ಕಳೆದ ಕಾಲದ ಶೇಕಡಾವಾರು ಅದು. ಒಂಟಿಯಾಗಿದ್ದಾಗ ಸೊನ್ನೆಯ ಆಸುಪಾಸಿನಲ್ಲಿದ್ದದ್ದು ಈಗ 50ರ ಹತ್ತಿರ ನಿಂತಿತ್ತು. ವಠಾರದ ನಲ್ಲಿಯ ಮುಂದೆ ಕೊಡ ಹಿಡಿದು ಸಾಲಿನಲ್ಲಿ ನಿಂತ ಗೃಹಿಣಿಯನ್ನು ನೆನೆಸಿಕೊಳ್ಳಿ. ಅಡುಗೆ ತಡವಾಯಿತೆಂದು ಆಕೆಯನ್ನು ಬೈದು ಏನು ಫಲ? ಒಲೆ ನೋಡಿದರೆ ಕಾರಣ ಸಿಗದು, ಅಂಗಳಕ್ಕೆ ಬಂದು ಸಾಲು ನೋಡಬೇಕು. ಮಿಥ್ಯಾ ಯಂತ್ರವನ್ನು ಕಾಯುವವರು ಒಳಗಿನ ಲೆಕ್ಕ, ಹೊರಗಿನ ಲೆಕ್ಕ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವುದು ಇದೇ ಕಾರಣಕ್ಕೆ.

ಡಿಸ್ಕಿನ ಕಥೆಯೂ ಹೀಗೆಯೇ. ಒಂದು ಡಿಸ್ಕು 100 ಗಿಗಾಬೈಟಿನದು, ಇಂದು 70 ತುಂಬಿದೆ, ದಿನಕ್ಕೆ 2ರಂತೆ ಏರುತ್ತಿದೆ ಎನ್ನಿ. ತುಂಬಿ ತುಳುಕಲು 15 ದಿನ. ಇದು ಶುದ್ಧ ಸರಳರೇಖೆಯ ಸಮೀಕರಣ. "ಇದನ್ನು ಕಲಿತು ಏನು ಉಪಯೋಗ?" ಎಂದು ಕೇಳುವ ಮಕ್ಕಳಿಗೆ ನಾನೀಗ ಈ ಉದಾಹರಣೆಯನ್ನೇ ಕೊಡುತ್ತೇನೆ. ಜ್ಯಾಬಿಕ್ಸ್, ಪ್ರೊಮಿಥಿಯಸ್ ಮೊದಲಾದ ತಂತ್ರಾಂಶಗಳಲ್ಲಿ ಹೀಗೆ ಮುಂದಿನದನ್ನು ಎಣಿಸುವ ಸೂತ್ರ ಸಿದ್ಧವಾಗಿಯೇ ಇದೆ. ಆದರೆ ಮಿಥ್ಯಾ ಯಂತ್ರದಲ್ಲಿ ಒಂದು ಸೂಕ್ಷ್ಮವಿದೆ. ಯಜಮಾನ ಹತ್ತು ಅತಿಥಿಗಳಿಗೆ ತಲಾ 100ರಂತೆ 1000 ಗಿಗಾಬೈಟ್ ಕೊಡುವೆನೆಂದು ಮಾತು ಕೊಟ್ಟು, ನಿಜವಾಗಿ ಇಟ್ಟಿರುವುದು 500 ಮಾತ್ರ ಇರಬಹುದು. ಎಲ್ಲರೂ ಒಮ್ಮೆಗೇ ಕೇಳಲಾರರು ಎಂಬ ಧೈರ್ಯ! ಹತ್ತೂ ಅತಿಥಿಗಳು ತಲಾ 50 ತುಂಬಿಸಿದಾಗ, ಪ್ರತಿಯೊಬ್ಬರ ಒಳಗೂ ಅರ್ಧ ಖಾಲಿ ಎಂದೇ ಕಾಣುತ್ತದೆ. ಹೊರಗೆ ಮಾತ್ರ ತೊಟ್ಟಿ ತುಂಬಿಹೋಗಿರುತ್ತದೆ.

ಸರಾಸರಿಯೂ ಮೋಸ ಮಾಡಬಲ್ಲದು. ಐದು ನಿಮಿಷದಲ್ಲಿ ಒಂದು ನಿಮಿಷ ಹೊರೆ ಶೇಕಡಾ 100, ಉಳಿದ ನಾಲ್ಕು ನಿಮಿಷ ಶೇಕಡಾ 10 ಇದ್ದರೆ ಸರಾಸರಿ 28. ಕಾಗದದ ಮೇಲೆ ಎಲ್ಲ ನಿರಾಳ. ಆ ಒಂದು ನಿಮಿಷದಲ್ಲಿ ಪುಟ ತೆರೆಯಲು ಹೋದವನಿಗೆ ಗೊತ್ತು ಪಾಡು. ಅಂಕಪಟ್ಟಿಯಲ್ಲಿ ಬರೀ ಒಟ್ಟು ಶೇಕಡಾವಾರು ನೋಡಿ ತೃಪ್ತರಾಗುವ ಪೋಷಕರಿಗೂ ಈ ಲೆಕ್ಕ ಸಲ್ಲುತ್ತದೆ.

ಮೂರನೆಯ ದಿನ ಅವಳು ಹೇಳಿದ್ದು ಎರಡು ನಿಜ ಘಟನೆಗಳನ್ನು. ಎರಡೂ ಆಯಾ ಕಂಪನಿಗಳೇ ಬಹಿರಂಗವಾಗಿ ಬರೆದು ಪ್ರಕಟಿಸಿದಂಥವು. 2017ರ ಜನವರಿ 31ರ ರಾತ್ರಿ, ತಂತ್ರಾಂಶ ಬರೆಯುವವರು ತಮ್ಮ ಕಡತಗಳನ್ನು ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಎಂಬ ತಾಣದಲ್ಲಿ ಒಬ್ಬ ಎಂಜಿನಿಯರ್ ಅಳಿಸಬೇಕಾದ ಯಂತ್ರದ ಬದಲು ಮುಖ್ಯ ದತ್ತಸಂಚಯದ ಯಂತ್ರದಲ್ಲೇ ಅಳಿಸುವ ಆದೇಶ ಕೊಟ್ಟುಬಿಟ್ಟರು. ಎಚ್ಚೆತ್ತು ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು 4.5 ಮಾತ್ರ. ಹೋಗಲಿ, ದಿನವೂ ತೆಗೆದಿಡುವ ನಕಲು ಇದೆಯಲ್ಲ ಎಂದು ಹುಡುಕಿದರೆ ಆ ಉಗ್ರಾಣ ಬರಿದು! ನಕಲು ತೆಗೆಯುವ ತಂತ್ರಾಂಶದ ಆವೃತ್ತಿ ಹೊಂದದೆ ಆ ಕೆಲಸ ವಿಫಲವಾಗುತ್ತಲೇ ಇತ್ತು. ವಿಫಲವಾಯಿತು ಎಂದು ತಿಳಿಸುವ ಮಿಂಚಂಚೆಗಳೂ ಹೊರಡುತ್ತಿದ್ದವು. ಆದರೆ ಅವು ಸರಿಯಾದ ಸಹಿಯಿಲ್ಲದವೆಂದು ಅಂಚೆಯ ವ್ಯವಸ್ಥೆಯೇ ತಿರಸ್ಕರಿಸುತ್ತಿತ್ತು. ಪುಣ್ಯಕ್ಕೆ, ಬೇರಾವುದೋ ಪ್ರಯೋಗಕ್ಕೆಂದು ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟ ಒಂದು ಪ್ರತಿ ಸಿಕ್ಕಿತು. ಆ ಆರು ಗಂಟೆಗಳಲ್ಲಿ ದತ್ತಸಂಚಯ ಸೇರಿದ್ದ ಮಾಹಿತಿ ಮಾತ್ರ ಶಾಶ್ವತವಾಗಿ ಹೋಯಿತು.

ದೂರು ಬರುತ್ತಿಲ್ಲ ಎಂದಮಾತ್ರಕ್ಕೆ ದೂರಿಲ್ಲ ಎಂದಲ್ಲ. ಆದ್ದರಿಂದ ಒಳ್ಳೆಯ ಮೇಲ್ವಿಚಾರಣೆಯಲ್ಲಿ ಕ್ರಮ ತಿರುಗುಮುರುಗು: ಕೆಲಸ ಕೆಟ್ಟರೆ ಹೇಳು ಎನ್ನುವುದರ ಜೊತೆಗೆ, ಕೆಲಸ ಸರಿಯಾದರೂ ದಿನವೂ ಹೇಳು ಎನ್ನಬೇಕು. ನಿಗದಿತ ಹೊತ್ತಿಗೆ ಆ "ಸರಿ" ಬಾರದಿದ್ದರೆ ಆ ಮೌನವೇ ಗಂಟೆ.

ಎರಡನೆಯ ಘಟನೆ ಅದೇ ವರ್ಷದ ಫೆಬ್ರವರಿ 28ರದು. ಅಮೆಜಾನ್ ಕಂಪನಿಯ ಬೃಹತ್ ಕಡತ ಉಗ್ರಾಣವಾದ 'ಎಸ್3', ವರ್ಜೀನಿಯಾ ಪ್ರದೇಶದಲ್ಲಿ ಒಂದು ತಪ್ಪು ಆದೇಶದಿಂದ ಸುಮಾರು ನಾಲ್ಕು ಗಂಟೆ ಅಸ್ತವ್ಯಸ್ತವಾಯಿತು. ಅದಕ್ಕಿಂತ ಸ್ವಾರಸ್ಯದ ಸಂಗತಿ ಬೇರೆ ಇದೆ. ಎಲ್ಲಿ ಏನು ಕೆಟ್ಟಿದೆ ಎಂದು ಜಗತ್ತಿಗೆ ತೋರಿಸುವ ಅವರ ಫಲಕವನ್ನು ತಿದ್ದುವ ವ್ಯವಸ್ಥೆಯೂ ಅದೇ ಉಗ್ರಾಣವನ್ನು ಆಶ್ರಯಿಸಿತ್ತು! ಹಾಗಾಗಿ ಬಹಳ ಹೊತ್ತು ಫಲಕವನ್ನು ಬದಲಿಸಲಾಗದೆ, ಟ್ವಿಟರ್ ಮೂಲಕ ಸುದ್ದಿ ತಿಳಿಸಬೇಕಾಯಿತು. ಕಾವಲುಗಾರನನ್ನು ಕಾಯಬೇಕಾದ ಕೋಣೆಯೊಳಗೇ ಕೂಡಿಹಾಕಿ ಬೀಗ ಹಾಕಿದಂತೆ. ಕಾಯುವವನು ಹೊರಗಿರಬೇಕು ಎಂಬುದು ಇದರ ಪಾಠ.

ಇಷ್ಟು ಕೇಳಿದ ಮೇಲೆ ಆ ಸಂಜೆ ನಾನೇ ಹೊಲಿಗೆ ಅಂಗಡಿಗೆ ಹೋದೆ. "ಅವಳು ಬರೀ ನೋಡೋದಲ್ಲ ಕಣಯ್ಯ" ಎಂದೆ. "ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸಮ್ಮ ಏನು ಮಾಡ್ತಾಳೆ ಹೇಳು? ಮಂಚದ ಕಾಲಿಗೆ ನೇತುಹಾಕಿದ ಜ್ವರದ ಪಟ್ಟಿ ನೋಡ್ತಾಳೆ. ಏರುವ ಮುಂಚೆ ಕಂಡುಹಿಡಿದರೆ ಡಾಕ್ಟರಿಗೆ ನಿದ್ದೆ, ಕಾಯಿಲೆಯವನಿಗೆ ಜೀವ. ಏನೂ ಆಗದ ರಾತ್ರಿಗೆ ಯಾರೂ ಹಾರ ಹಾಕೋದಿಲ್ಲ. ಆದರೆ ಏನೂ ಆಗದಂತೆ ನೋಡಿಕೊಂಡವಳು ಅವಳೇ." ಅವರು ಕತ್ತರಿ ಕೆಳಗಿಟ್ಟು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ, "ಹಂಗಾದರೆ ನಿದ್ದೆಗೆಟ್ಟು ಆರೋಗ್ಯ ಕೆಡಿಸ್ಕೊಳ್ಳದ ಹಾಗೆ ಅವಳನ್ನ ನೋಡ್ಕೊಳ್ಳೋರು ಯಾರು ಮೇಷ್ಟ್ರೇ?" ಎಂದರು. ತಂದೆಯ ಪ್ರಶ್ನೆ ಅದು. ಯಾವ ತಂತ್ರಾಂಶದಲ್ಲೂ ಅದಕ್ಕೆ ಉತ್ತರವಿಲ್ಲ.

ಈ ವಿಷಯವನ್ನು ಇಷ್ಟು ಬೆಳೆಸಿದ್ದಕ್ಕೆ ಇನ್ನೊಂದು ಕಾರಣವಿದೆ. ಈಚೆಗೆ ನಮ್ಮ ಶಾಲೆಯ ಪೋಷಕರ ಸಭೆಯಲ್ಲಿ ಒಬ್ಬ ತಂದೆ ತಮ್ಮ ಮೊಬೈಲು ತೋರಿಸಿದರು. ಮಗ ಎಲ್ಲಿದ್ದಾನೆ, ಫೋನಿನಲ್ಲಿ ಏನು ತೆರೆದಿದ್ದಾನೆ, ಎಷ್ಟು ಹೊತ್ತು ನೋಡಿದ ಎಂಬುದೆಲ್ಲ ಹತ್ತು ನಿಮಿಷಕ್ಕೊಮ್ಮೆ ಅವರ ಕೈಗೆ ಬರುತ್ತದಂತೆ. "ಎಲ್ಲ ಮಕ್ಕಳಿಗೂ ಇದನ್ನ ಹಾಕಿಸಿ ಸಾರ್" ಎಂದರು. ಸಭೆಯಲ್ಲಿ ಅರ್ಧದಷ್ಟು ಜನ ತಲೆಯಾಡಿಸಿದರು. ಆ ಹುಡುಗ ಗೋಡೆಗೆ ಒರಗಿ ತಲೆ ತಗ್ಗಿಸಿ ನಿಂತಿದ್ದ.

ನಾನು ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಒಂದು ಚಮಚ ಬಿಸಿನೀರಿಗೆ ತಣ್ಣನೆಯ ದಪ್ಪ ಉಷ್ಣತಾಮಾಪಕ ಅದ್ದಿದರೆ ನೀರೇ ತಣ್ಣಗಾಗುತ್ತದೆ. ಅಳೆಯುವ ಕ್ರಿಯೆ ಅಳೆಯಬೇಕಾದದ್ದನ್ನೇ ಬದಲಿಸುತ್ತದೆ. ನಮ್ಮ ಪ್ರಯೋಗದಲ್ಲಿ ಐದು ನಿಮಿಷಕ್ಕೊಮ್ಮೆ ನಡೆಯುತ್ತಿದ್ದ ಪರೀಕ್ಷೆಗಳನ್ನು ಸೆಕೆಂಡಿಗೊಮ್ಮೆ ಮಾಡಿದಾಗ, ಆ ಪುಟ್ಟ ಯಂತ್ರದ ಹೊರೆ ಪರೀಕ್ಷೆಗಳ ಕಾರಣದಿಂದಲೇ ಏರಿತು. ಯಂತ್ರಕ್ಕೆ ತನ್ನನ್ನು ಯಾರೋ ನೋಡುತ್ತಿದ್ದಾರೆ ಎಂಬ ಅರಿವಿಲ್ಲ. ಮಗುವಿಗೆ ಉಂಟು. ಸದಾ ಕಣ್ಣಿನಡಿಯಲ್ಲಿರುವ ಮಗು ಓದುವುದನ್ನು ಕಲಿಯುವುದಕ್ಕಿಂತ ಮೊದಲು ಪರದೆಯನ್ನು ಹಸಿರಾಗಿಡುವುದನ್ನು ಕಲಿಯುತ್ತದೆ.

ಗಂಟೆಯ ಮಾತೂ ಹಾಗೆಯೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಣ್ಣ ಏರಿಳಿತಕ್ಕೂ ಗಂಟೆ ಹೊಡೆಯುತ್ತಿತ್ತಂತೆ. ಎರಡು ವಾರದಲ್ಲಿ ಯಾರೂ ತಲೆ ಎತ್ತಿ ನೋಡುವುದನ್ನೇ ಬಿಟ್ಟರಂತೆ. ಯಾವುದಕ್ಕೆ ಎದ್ದು ಓಡಬೇಕೋ ಅದಕ್ಕೆ ಮಾತ್ರ ಗಂಟೆ, ಉಳಿದದ್ದು ಬೆಳಿಗ್ಗೆ ಓದುವ ಪಟ್ಟಿಗೆ ಎಂದು ಮಿತಿಗಳನ್ನು ತಿದ್ದಿದ ಮೇಲೆ ಗಂಟೆಗೆ ಮತ್ತೆ ಬೆಲೆ ಬಂತು. ಕಿರುಪರೀಕ್ಷೆಯಲ್ಲಿ ಎರಡು ಅಂಕ ಹೋದದ್ದಕ್ಕೂ ವರ್ಷವೇ ಹಾಳಾದದ್ದಕ್ಕೂ ಒಂದೇ ದನಿಯಲ್ಲಿ ಕೂಗುವ ಮನೆಯಲ್ಲಿ ಕೂಗಿಗೆ ಬೆಲೆಯಿರದು.

ಕೊನೆಯದಾಗಿ ನಾಗಿಯೋಸ್‌ನ ಒಂದು ಸಾಲು. ಯಾವ ಯಂತ್ರ ಯಾವುದನ್ನು ಅವಲಂಬಿಸಿದೆ ಎಂದು ಅದಕ್ಕೆ ಮೊದಲೇ ಬರೆದುಕೊಡಬೇಕು. ಆತಿಥೇಯ ಗಣಕ ಮಲಗಿದರೆ ಅದರೊಳಗಿನ ಹನ್ನೆರಡು ಅತಿಥಿಗಳೂ ಉತ್ತರಿಸುವುದಿಲ್ಲ. ಆಗ ಆ ಹನ್ನೆರಡನ್ನೂ 'ಸತ್ತಿವೆ' ಎಂದು ಬರೆದುಕೊಳ್ಳದೆ, 'ತಲುಪಲಾಗುತ್ತಿಲ್ಲ' ಎಂದು ಬೇರೆಯಾಗಿ ಗುರುತಿಸಿ, ತಪ್ಪು ಮೇಲೆ ಇದೆ ಎಂದು ಅದು ತೋರಿಸುತ್ತದೆ. ಅವಲಂಬನೆಯನ್ನು ಬರೆಯುವ ಆ ಸಾಲಿಗೆ ತಂತ್ರಾಂಶ ಮಾಡಿದವರು ಇಟ್ಟ ಹೆಸರೇ 'ಪೇರೆಂಟ್ಸ್', ಪೋಷಕರು!

ಸಭೆಯಲ್ಲಿ ಇದನ್ನು ಹೇಳಿದಾಗ ಎಲ್ಲರೂ ನಕ್ಕರು, ಆ ತಂದೆಯೂ ನಕ್ಕರು. ಆಮೇಲೆ ಅವರೊಬ್ಬರೇ ನನ್ನ ಬಳಿ ಬಂದು, "ಹಾಗಾದರೆ ಏನೂ ನೋಡಲೇಬಾರದೇ ಸಾರ್?" ಎಂದು ಕೇಳಿದರು. ನೋಡಬೇಕು. ಆದರೆ ಏನು, ಎಷ್ಟಕ್ಕೊಮ್ಮೆ, ಯಾವ ಮಿತಿ ದಾಟಿದರೆ ಮಾತಾಡಬೇಕು ಎಂಬುದನ್ನು ಮಗನ ಜೊತೆ ಕೂತೇ ತೀರ್ಮಾನಿಸಿ, ದಿನಕ್ಕೊಮ್ಮೆ ಊಟದ ಹೊತ್ತಿಗೆ, "ಇವತ್ತು ಹೇಗಿತ್ತಪ್ಪ?" ಎಂದು ಕೇಳಿ ಉತ್ತರ ಬರುವವರೆಗೆ ಕಾಯಿರಿ ಎಂದೆ. ದಿನವೂ ಬರುತ್ತಿದ್ದ ಆ ಉತ್ತರ ಎಂದಾದರೂ ನಿಂತುಹೋದರೆ, ಆ ಹೊತ್ತಿಗೆ ನಿಮ್ಮ ಕೈಯ ಪರದೆ ಪೂರಾ ಹಸಿರಾಗಿದ್ದರೂ ಸರಿಯೆ, ಎದ್ದು ಅವನ ಪಕ್ಕ ಹೋಗಿ ಕೂತುಕೊಳ್ಳಿ.